ಬೀಸಣಿಗೆ ನಿಲ್ಲುತ್ತಿದ್ದ ಕ್ಷಣ

ಕಳೆದ ವಾರ ಸಾಗರದ ಪೇಟೆಯಿಂದ ಲಾವಂಚದ ಬೇರಿನ ಬೀಸಣಿಗೆಯೊಂದನ್ನು ತಂದೆ. ಮನೆಗೆ ಬಂದು ಅದರ ಮೇಲೆ ನೀರು ಚಿಮುಕಿಸಿದೊಡನೆ ಎದ್ದ ಆ ತಣ್ಣನೆಯ ಗಂಧ... ಅದರ ಹಿಂದೆಯೇ ನನ್ನ ಗುರುಗಳು ಬಂದು ಎದುರಿಗೆ ಕುಳಿತಂತಾಯಿತು.

ಮಂಡಗದ್ದೆಯ ಸಮೀಪ, ತುಂಗೆಯ ದಂಡೆಯಲ್ಲಿದ್ದ ಅವರ ಮನೆಯ ಜಗಲಿಯೇ ನಮಗೆ ಪಾಠಶಾಲೆಯಾಗಿತ್ತು. ವೇದಪಾಠ ನಡೆಯುವಾಗ ಅವರು ಗೋಡೆಗೆ ಒರಗದೆ, ಕಣ್ಣು ಮುಚ್ಚಿ, ಇಂಥದೇ ಒಂದು ಬೀಸಣಿಗೆಯನ್ನು ಮೆಲ್ಲನೆ ಆಡಿಸುತ್ತಿದ್ದರು. ಮಳೆಗಾಲದ ತಂಪಿನಲ್ಲೂ ಅದು ಅವರ ಕೈ ಬಿಟ್ಟದ್ದಿಲ್ಲ. ಏಕೆಂದು ನಮಗೆ ಬೇಗನೆ ತಿಳಿಯಿತು.

ವೇದವನ್ನು ಬಾಯಿಪಾಠ ಮಾಡಿದವರಿಗೆ ಒಂದು ತಪ್ಪಿನ ಪರಿಚಯ ಚೆನ್ನಾಗಿರುತ್ತದೆ. ಒಂದೇ ಬಗೆಯ ಮಾತುಗಳು ಪಾಠದ ಎರಡು ಭಾಗಗಳಲ್ಲಿ ಬರುವುದುಂಟು. ಮನಸ್ಸು ಎಚ್ಚರದಲ್ಲಿದ್ದರೆ ನಾಲಗೆ ಆ ಕವಲಿನಲ್ಲಿ ಮುಂದಿನ ದಾರಿ ಹಿಡಿಯುತ್ತದೆ. ಮನಸ್ಸು ಬೇರೆಡೆ ಹೋಗಿದ್ದರೆ, ಹೇಳಿ ಮುಗಿಸಿದ ಭಾಗಕ್ಕೇ ಜಾರಿ, ಗರ್ಭಗುಡಿಯ ಬಾಗಿಲು ಕಾಣದವನಂತೆ ಅಲ್ಲಿಯೇ ಪ್ರದಕ್ಷಿಣೆ ಬರತೊಡಗುತ್ತದೆ. ಸ್ವರ ಕೆಡುವುದಿಲ್ಲ, ಅಕ್ಷರ ಕೆಡುವುದಿಲ್ಲ. ಕೇಳುವವರಿಗೆ ಎಲ್ಲವೂ ಶುದ್ಧವಾಗಿಯೇ ಕೇಳಿಸುತ್ತದೆ.

ಹಾಗೆ ಜಾರಿದ ಕ್ಷಣದಲ್ಲಿ ಗುರುಗಳ ಬೀಸಣಿಗೆ ನಿಲ್ಲುತ್ತಿತ್ತು. ಅವರು ತಿದ್ದುತ್ತಿರಲಿಲ್ಲ. ಸುತ್ತುತ್ತಿರುವವನು ತಾನೇ ಎಚ್ಚೆತ್ತು, ಎಲ್ಲಿ ದಾರಿ ತಪ್ಪಿತೆಂದು ಹುಡುಕಿಕೊಳ್ಳುವವರೆಗೂ ಕಾಯುತ್ತಿದ್ದರು. ಆಮೇಲೆ ಕಣ್ಣು ತೆರೆದು, ತಮ್ಮ ಮನೆಮಾತಿನಲ್ಲಿ ಕೇಳುತ್ತಿದ್ದರು: “ಬಾಯಿ ಇಲ್ಲೇ ಇದ್ದು. ನೀ ಎಲ್ಲಿಗೆ ಹೋಗಿದ್ದೆ ಮಾರಾಯ?”

ನಾನು ಹೋಗುತ್ತಿದ್ದುದು ಹೊಳೆಯ ನಡುವಿನ ಮರಗಳಿಗೆ. ಬೆಳ್ಳಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಅವುಗಳ ಗದ್ದಲ ಜಗಲಿಯವರೆಗೂ ಬರುತ್ತಿತ್ತು. ಒಮ್ಮೆ ಇದ್ದುದನ್ನು ಇದ್ದಂತೆಯೇ ಹೇಳಿದೆ. ಗುರುಗಳು ನಕ್ಕರು.

“ಹಕ್ಕಿ ನೋಡಲಕ್ಕು, ತಪ್ಪಿಲ್ಲೆ. ಎದ್ದು ಹೋಗಿ ಹಕ್ಕಿಯನ್ನೇ ನೋಡಿ ಬಾ. ಮಂತ್ರ ಬಾಯಲ್ಲಿಟ್ಕಂಡು ಮಾತ್ರ ನೋಡಡ.”

ದಂಡೆಗೆ ಹೋಗಿ ನಿಂತೆ. ಬೆಳ್ಳಕ್ಕಿಯೊಂದು ಒಂದೇ ಕಡ್ಡಿಯನ್ನು ಗೂಡಿಗೆ ಸಿಕ್ಕಿಸುತ್ತಿತ್ತು, ಕೀಳುತ್ತಿತ್ತು, ಮತ್ತೆ ಸಿಕ್ಕಿಸುತ್ತಿತ್ತು... ಎಷ್ಟು ಹೊತ್ತು ನೋಡಿದೆನೋ ನೆನಪಿಲ್ಲ. ಮರಳಿ ಬಂದು ಕುಳಿತಾಗ ಪಾಠ ತಡೆಯಿಲ್ಲದೆ ಹರಿಯಿತು.

ಅರ್ಥ ಹೇಳುವಾಗಲೂ ಅವರದು ಇದೇ ಕ್ರಮ. ಸಂಜೆ ಒಂದೇ ವಾಕ್ಯ ಕೊಟ್ಟು ಕಳುಹಿಸುವರು. ಅದನ್ನು ಹೊತ್ತುಕೊಂಡೇ ನಾವು ಊಟಕ್ಕೂ ನಿದ್ರೆಗೂ ಹೋಗಬೇಕು. ಬೆಳಗ್ಗೆ ಏಳುವಾಗ ಕೆಲವೊಮ್ಮೆ ಅದು ತಾನಾಗಿ ಬಿಚ್ಚಿಕೊಂಡಿರುತ್ತಿತ್ತು.

ಗುರುಗಳು ಭಗವಂತನ ಪಾದ ಸೇರಿ ಬಹುಕಾಲವಾಯಿತು. ಇಳಿವಯಸ್ಸಿನಲ್ಲಿ ನನ್ನ ಕೈಗೂ ಮೊಬೈಲ್ ಬಂದಿತು. ಅದರೊಡನೆ ಸತ್ಸಂಗದ ಗ್ರೂಪು, ಪ್ರವಚನಗಳು, ಕೇಳಿದೊಡನೆ ಸಿಗುವ ಉತ್ತರಗಳು. ಎಲ್ಲವೂ ದೇವರ ವಿಷಯವೇ ಆದ್ದರಿಂದ ನನಗೆ ಸಂಶಯ ಬರಲಿಲ್ಲ.

ಈ ಸಲದ ತಿಥಿಗೆ, ಹೊಸನಗರದಲ್ಲಿರುವ ಗುರುಗಳ ಮಗಳು ನನ್ನನ್ನು ಕರೆಸಿಕೊಂಡರು. “ಅಪ್ಪಯ್ಯನ ಶಿಷ್ಯರಲ್ಲಿ ಈಗ ಇರೋದು ನೀವೊಬ್ಬರೇ. ಅವರು ಕಲಿಸಿದ್ದನ್ನ ಒಂದ್ಸಲ ಪೂರ್ತಿ ಕೇಳ್ಬೇಕು ಅಂತ ಆಸೆ” ಎಂದರು. ಅವರ ತಂದೆಯ ಪಾಠ ಉಳಿದಿದ್ದುದು ನನ್ನ ಬಾಯಲ್ಲಿ ಮಾತ್ರ.

ಹಿಂದಿನ ದಿನದಿಂದ ಗ್ರೂಪಿನಲ್ಲಿ, ಏಕಾದಶಿ ಈ ಬಾರಿ ಯಾವತ್ತೆಂಬ ಜಗಳ ನಡೆದಿತ್ತು. ನಾನೂ ಒಂದು ಉತ್ತರ ಬರೆದಿದ್ದೆ. ಪಾಠದ ನಡುವೆ, ಪಕ್ಕದ ಚೀಲದಲ್ಲಿದ್ದ ಮೊಬೈಲ್ ಒಮ್ಮೆ ನಡುಗಿತು. ಮುಟ್ಟಲಿಲ್ಲ. ಆದರೆ ಯಾರು ಏನೆಂದಿರಬಹುದು ಎಂದು... ಬಾಯಿ ತನ್ನ ಕೆಲಸ ಮಾಡುತ್ತಲೇ ಇತ್ತು.

ಮುಗಿದಾಗ ಎಲ್ಲರೂ ಕೈಮುಗಿದರು. ಮಗಳ ಕಣ್ಣು ಒದ್ದೆಯಾಗಿತ್ತು. ಅವರ ಸೊಸೆ, “ವಿಡಿಯೋ ಆಗಲೇ ಗ್ರೂಪಿಗೆ ಹೋಯ್ದು ಮಾವಯ್ಯ. ಎಷ್ಟು ನಮಸ್ಕಾರ ಬಂದಿದ್ದು ನೋಡಿ” ಎಂದು ಸಂಭ್ರಮದಿಂದ ತೋರಿಸಿದಳು.

ಸಾಗರಕ್ಕೆ ಮರಳಿ ಆ ವಿಡಿಯೋ ಕೇಳಿದೆ. ನಾನು ಜಾರಿದ್ದೆ. ಹೇಳಿ ಮುಗಿಸಿದ್ದ ಭಾಗವನ್ನೇ ಇನ್ನೊಮ್ಮೆ ಹೇಳಿ, ಮತ್ತೆ ಅದೇ ಕವಲಿಗೆ ಬಂದು, ಅದೃಷ್ಟವಶಾತ್ ಸರಿದಾರಿ ಹಿಡಿದಿದ್ದೆ. ಕೇಳಿದವರಲ್ಲಿ ಯಾರಿಗೂ ತಿಳಿಯಲಿಲ್ಲ. ಹೇಳುತ್ತಿದ್ದ ನನಗೂ ತಿಳಿಯಲಿಲ್ಲ! ಹಕ್ಕಿಯನ್ನು ನೋಡಿದರೆ ನೋಡಿ ಮುಗಿಯುತ್ತಿತ್ತು, ಹಿಂದಿರುಗುವ ದಾರಿ ಇರುತ್ತಿತ್ತು. ಈ ಮೊಬೈಲಿನಲ್ಲಿ ನೋಡಿದ್ದು ಇನ್ನೊಂದನ್ನು ಕರೆಯುತ್ತದೆ. ಕೆಳಗಿಟ್ಟ ಮೇಲೂ ಮನಸ್ಸು ಆ ಕರೆಗೆ ಕಿವಿಗೊಟ್ಟೇ ಕುಳಿತಿರುತ್ತದೆ.

ಗುರುಗಳ ಮಗಳಿಗೆ ಫೋನ್ ಮಾಡಿ ನಡೆದುದನ್ನು ಹೇಳಿದೆ. ಆಕೆ ನನ್ನನ್ನು ಸಮಾಧಾನಪಡಿಸಿದರು. “ಇರಲಿ ಬಿಡಿ. ಯಾರಿಗೂ ಗೊತ್ತಾಗಿಲ್ಲ.”

ಪೇಟೆಗೆ ಹೋಗಿ ಬೀಸಣಿಗೆ ತಂದದ್ದು ಅದರ ಮರುದಿನ.

ಈಗ ಬೆಳಗಿನ ಪಾಠಕ್ಕೆ ಮೊಬೈಲನ್ನು ಒಳಕೋಣೆಯಲ್ಲಿಟ್ಟು ಕುಳಿತುಕೊಳ್ಳುತ್ತೇನೆ. ಎದುರಿನ ಮಣೆಯ ಮೇಲೆ, ನೀರು ಚಿಮುಕಿಸಿದ ಬೀಸಣಿಗೆ. ಗಂಧ ಅದೇ. ಕವಲು ಬಂದಾಗಲೆಲ್ಲ ಕಣ್ಣು ಅದರ ಕಡೆ ಹೊರಳುತ್ತದೆ... ಅದು ಅಲುಗದೆ ಬಿದ್ದಿರುತ್ತದೆ. ಬೀಸುವ ಕೈ ಇದ್ದರಲ್ಲವೇ, ಅದು ನಿಂತದ್ದು ನನಗೆ ತಿಳಿಯುವುದು.