ಬಾಯಾರುವ ಮೊದಲು

ಮಿಲ್ಟ್ರಿ ಅಣ್ಣನ ಕುತ್ತಿಗೆಯ ಹಿಂಭಾಗ ಬೇಸಿಗೆಯ ಗದ್ದೆಯ ಹಾಗೆ ಬಿರಿದಿತ್ತು. ರಾಜಸ್ಥಾನದ ಮರಳುಗಾಡಿನ ಬಿಸಿಲು ಕೊಟ್ಟ ಪಿಂಚಣಿ ಅದು ಎನ್ನುತ್ತಿದ್ದ. ಸೈನ್ಯ ಬಿಟ್ಟು ಕಾನಸೂರಿಗೆ ಬಂದು ನಮ್ಮ ಪಕ್ಕದ ಮನೆಯಲ್ಲಿ ನೆಲೆಸಿದ ಮೇಲೆ ಅವನಿಗಿದ್ದದ್ದು ಒಂದೇ ಚಟ, ಎದುರು ಸಿಕ್ಕವರಿಗೆಲ್ಲ ನೀರು ಕುಡಿಸುವುದು. "ನೀರು ಕುಡಿದ್ಯನಾ?" ಎಂಬುದೇ ಅವನ ನಮಸ್ಕಾರ. ಬಾಯಾರಿಕೆ ಇಲ್ಲ ಎಂದರೆ, "ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡ್ತ್ಯಾ?" ಎಂದು ರೇಗುತ್ತಿದ್ದ. ಇವನ ಕಾಟ ಸಾಕಪ್ಪಾ ಎನ್ನಿಸುತ್ತಿತ್ತು.

ತೊಂಬತ್ತರ ದಶಕದಲ್ಲಿ ಯುಗಾದಿ ಕಳೆಯಿತೆಂದರೆ ಕಾನೂನಿನ ಕಣ್ಣು ತಪ್ಪಿಸಿ ಹಂದಿ ಬೇಟೆಗೆ ಹೊರಡುವವರು ನಮ್ಮಲ್ಲಿದ್ದರು. ಅಣ್ಣನೂ ಬರುತ್ತಿದ್ದ. ಕೋವಿ ಹಿಡಿಯುತ್ತಿರಲಿಲ್ಲ, ಪಾಲಿಗೆ ಬಂದ ಮಾಂಸ ಮುಟ್ಟುತ್ತಿರಲಿಲ್ಲ. ಎರಡು ಕ್ಯಾನು ನೀರು ಹೊತ್ತು ಹಿಂದೆ ನಡೆಯುತ್ತಿದ್ದ. "ಬೇಟೆಗೆ ಬಂದದ್ದೋ, ಮದುವೆ ಪಾನಕ ಹಂಚೂಕೆ ಬಂದದ್ದೋ?" ಎಂದು ಎಲ್ಲರೂ ನಗುತ್ತಿದ್ದರು.

ಒಂದು ವರ್ಷ, ಎಲೆ ಉದುರಿದ ಬೆಟ್ಟದಲ್ಲಿ ಬೆಳಗಿನಿಂದ ಓಡಿ ಓಡಿ ಹಂದಿಯೊಂದನ್ನು ಪೊದೆಗೆ ಸಿಕ್ಕಿಸಿದ್ದೆವು. ನನ್ನ ತಲೆ ಸಿಡಿಯುತ್ತಿತ್ತು, ಕಾಲು ಮಾತು ಕೇಳುತ್ತಿರಲಿಲ್ಲ. ಅಣ್ಣ ಬಂದು ನನ್ನ ಬೆನ್ನು ಮುಟ್ಟಿ ನೋಡಿದ. "ಬೆವರೇ ಇಲ್ಲ! ಎಲ್ಲ ನಿಲ್ಲಿ!" ಎಂದು ಕೂಗಿದ. ಆ ಕೂಗಿಗೆ ಹಂದಿ ಪೊದೆ ಬಿಟ್ಟು ಪರಾರಿ. ಉಳಿದವರು ಬಾಯಿಗೆ ಬಂದಂತೆ ಬೈದರು. ಅವನು ನನ್ನನ್ನು ನೆರಳಿಗೆಳೆದು, ಅಂಗಿ ಬಿಚ್ಚಿ, ಕುತ್ತಿಗೆಗೆ ಕಂಕುಳಿಗೆ ನೀರು ಸುರಿದು ಟವೆಲಿನಿಂದ ಬೀಸುತ್ತಲೇ ಇದ್ದ.

"ಹಂದಿ ನಾಳೇನೂ ಬತ್ತದೆ. ಇವ ಬತ್ನಾ?"

ಸಂಜೆ ಜಗಲಿಯಲ್ಲಿ ಕೂತು ಹೇಳಿದ. ಮರಳುಗಾಡಿನಲ್ಲಿ ಒಮ್ಮೆ ಸಾಹೇಬರ ಜತೆ ಇವನೂ ಇನ್ನೊಬ್ಬ ಸಿಪಾಯಿಯೂ ಜಿಂಕೆ ಬೆನ್ನಟ್ಟಿ ಹೋಗಿದ್ದರಂತೆ. ಜತೆಗಾರನಿಗೆ ನಡೆಯಲಾಗಲಿಲ್ಲ. "ಕೂತಿರು, ಈಗ ಬಂದೆ ಅಂದೆ. ಜಿಂಕೆ ಹೊತ್ಕೊಂಡು ಬಂದೆ. ಅವ ಕೂತಲ್ಲೇ ಹೋಗಿದ್ದ. ನೀರಿನ ಬಾಟ್ಲಿ ನನ್ನ ಹೆಗಲಲ್ಲೇ ಇತ್ತು." ಅಷ್ಟು ಹೇಳಿ ಕಂಬಕ್ಕೊರಗಿದ. ಎಷ್ಟು ನಿದ್ದೆ ಮಾಡಿದರೂ ಆ ಮುಖದ ಆಯಾಸ ಯಾಕೆ ಇಳಿಯುವುದಿಲ್ಲ ಎಂದು ಅವತ್ತು ನನಗೆ ತಿಳಿಯಿತು.

ಕೆಲವು ವರ್ಷಗಳಲ್ಲಿ ಅವನ ಕಿಡ್ನಿ ಕೆಟ್ಟಿತು. ಊರಿಗೆಲ್ಲ ನೀರು ಕುಡಿಸಿದವನಿಗೆ ಡಾಕ್ಟರು ನೀರನ್ನೇ ಅಳತೆಗಿಳಿಸಿದರು. ನನಗೆ ದೇವರ ಮೇಲೇ ಸಿಟ್ಟು ಬಂತು. ಕೊನೆಯ ಸಲ ಅವನನ್ನು ನೋಡಲು ನಾನು ಶಿರಸಿಯ ಆಸ್ಪತ್ರೆಗೆ ಹೋದದ್ದು ಒಂದು ಉರಿಬಿಸಿಲಿನ ಮಧ್ಯಾಹ್ನ. ಅವನ ಒಡೆದ ತುಟಿಗೆ ಅತ್ತಿಗೆ ಒದ್ದೆ ಹತ್ತಿ ಒತ್ತುತ್ತಿದ್ದಳು. ನನ್ನ ದನಿಗೆ ಕಣ್ಣು ತೆರೆದ.

"ಬಿಸಿಲಲ್ಲಿ ಬಂದ್ಯಾ? ನೀರು ಕುಡಿದ್ಯನಾ?"

ಕುಡಿದೆ ಎಂದು ಸುಳ್ಳು ಹೇಳಿದೆ. ಒಪ್ಪಲಿಲ್ಲ. ಅವನ ಎದುರಿಗೇ ಕುಡಿಯಬೇಕಾಯಿತು. ನಾನು ಲೋಟ ಬರಿದು ಮಾಡುವವರೆಗೂ ಅವನ ಒಣಗಂಟಲು ನನ್ನ ಜತೆಜತೆಗೇ ನುಂಗುತ್ತಿತ್ತು.