ತಲೆ ಮುಟ್ಟಿ ಮನೆ ಹೇಳುತ್ತಿದ್ದ ಸಿದ್ದಯ್ಯ

ಸಿದ್ದಯ್ಯ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಎದುರಿಗೆ ಬಂದವರಿಗೆ "ವಸಿ ಬಗ್ಗು" ಅನ್ನುವನು. ಬಗ್ಗಿದರೆ ನೆತ್ತಿಯ ಮೇಲೆ ಬೆರಳಾಡಿಸಿ, ಸುಳಿ ಎಲ್ಲಿದೆ, ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ತಡವಿ, ಇಂಥವರ ಮನೆಯವನು ಎಂದು ಹೇಳುವನು. ಹುಡುಗರಾದ ನಾವು ಅವನ ಕಣ್ಣಿಗೆ ಟವೆಲ್ಲು ಕಟ್ಟಿ ಒಬ್ಬೊಬ್ಬರಾಗಿ ತಲೆ ಒಡ್ಡುತ್ತಿದ್ದೆವು. ಮಾತಾಡುವಂತಿಲ್ಲ, ನಗುವಂತಿಲ್ಲ. ನನ್ನ ಸರದಿ ಬಂದಾಗ ನೆತ್ತಿಗೊಂದು ಮೊಟಕಿ, "ಇದು ಮಾದೇಗೌಡ್ರ ಎರಡನೇದು. ಸುಳಿ ಎರಡು ಅವೆ, ಬುದ್ಧಿ ಅರ್ಧ ಅದೆ" ಎಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ಅವನು ನಮ್ಮೂರು ಕಕ್ಕೆಪುರದ ಕ್ಷೌರಿಕ. ಮದ್ದೂರಿನ ಕಾಡು ಮುಗಿದು ಬಯಲು ಶುರುವಾಗುವ ಕಡೆ ಊರು. ಗುಂಡ್ಲುಪೇಟೆಗೆ ನಡೆದರೆ ಅರ್ಧ ದಿನ. ಒಂದು ಬೀದಿ, ಒಂದು ಕೆರೆ, ಸುತ್ತ ರಾಗಿ ಹುರುಳಿ ಜೋಳದ ಹೊಲ. ಹಿಂದೆ ವಾರಕ್ಕೊಂದು ಸಂತೆ ಕೂಡುತ್ತಿತ್ತಂತೆ. ಊರಿನ ಚರಿತ್ರೆಯನ್ನು ನನಗೆ ಹೇಳಿದವನೂ ಸಿದ್ದಯ್ಯನೇ. ಅವನ ಮೊಣಕಾಲುಗಳ ನಡುವೆ ತಲೆ ಸಿಕ್ಕಿಸಿಕೊಂಡವರು ಎದುರು ವಾದಿಸುವಂತಿರಲಿಲ್ಲ.

"ಈ ಊರ್ಗೆ ಮೊದ್ಲು ಬಂದೋನು ಎರಡು ಸುಳಿಯೋನು ಕಣ. ದನ ಒಡ್ಕಂಡು ಬಂದ, ನೀರ್ ಕಂಡ, ಕೂತ್ಕಂಡ. ಅವನ್ ತಲೆ ನೋಡ್ಕಳಾಕೆ ನಮ್ಮಜ್ಜನ ಅಜ್ಜ ಬಂದ. ತಲೆ ಕೊಡೋನೊಬ್ಬ, ಕತ್ತಿ ಇಡ್ಯೋನೊಬ್ಬ. ಇಬ್ರು ಇದ್ರೆ ಊರು."

ನಾನು ಹನ್ನೆರಡನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಪ್ರತಿ ಯುಗಾದಿಯ ಬೆಳಿಗ್ಗೆ ಕೆರೆ ಏರಿಯ ಮೇಲೆ ನಿಂತು, ಹೊಗೆಯಾಡುವ ಮನೆಗಳನ್ನು ಎಣಿಸಿ ಬರೆಯುವುದು ನನ್ನ ಅಭ್ಯಾಸ. ೧೯೫೦ರಲ್ಲಿ ಮೂವತ್ತೊಂದು. ಮರುವರ್ಷ ಇಪ್ಪತ್ತಾರು. ಮಳೆಗಾಲ ಬಂತೆಂದರೆ ಕಾಡಿನ ಕಡೆಯಿಂದ ಚಳಿಜ್ವರ ಬರುತ್ತಿತ್ತು. ಒಂದು ಸಾವಾದ ಮನೆಯವರು ಎರಡನೆಯದಕ್ಕೆ ಕಾಯುತ್ತಿರಲಿಲ್ಲ. ಗಾಡಿ ಕಟ್ಟಿ ಗುಂಡ್ಲುಪೇಟೆಗೆ ಹೋಗಿ, ಈರುಳ್ಳಿ ಮಂಡಿಯಲ್ಲೋ ಲಾರಿ ತುಂಬುವಲ್ಲೋ ಕೂಲಿ ಹುಡುಕುತ್ತಿದ್ದರು.

ಆ ವರ್ಷ ಜನಗಣತಿಗೆ ಬಂದ ಮೇಷ್ಟ್ರು ನಮ್ಮ ಜಗಲಿಯಲ್ಲಿ ಕೂತು ಬರೆಯುತ್ತಿದ್ದರು. ಸಿದ್ದಯ್ಯ ಕರೆಯದೆ ಬಂದು, ಊರು ಬಿಟ್ಟುಹೋದವರ ಹೆಸರನ್ನೆಲ್ಲ ಹೇಳತೊಡಗಿದ. ಮೇಷ್ಟ್ರು ಬರೆಯುವುದು ನಿಲ್ಲಿಸಿ ಲೇಖನಿ ಎತ್ತಿದರು.

"ಅವರಿಲ್ಲಿ ಇಲ್ವಲ್ಲಪ್ಪ. ಈಗ ಇರೋ ಊರಲ್ಲಿ ಬರ್ಕೋತಾರೆ."

"ಅಲ್ಲಿ ಅವ್ರ ಯಾರ್ ಬಲ್ರು ಸೋಮಿ? ಮೊನ್ನೆ ನಾನೇ ಓಗಿ ಬೋಳ್ಸಿ ಬಂದಿವ್ನಿ. ತಲೆ ನಮ್ಮೂರ್ದೇ ಅವೆ."

"ತಲೆ ನಿಮ್ಮೂರ್ದಾದ್ರೆ ಕಾಲು ಯಾವೂರ್ದಯ್ಯ?"

ಅಪ್ಪ ನಕ್ಕರು, ಮೇಷ್ಟ್ರು ನಕ್ಕರು. ಸಿದ್ದಯ್ಯ ನಗಲಿಲ್ಲ.

ಎರಡು ವರ್ಷದ ಮೇಲೆ ನನ್ನ ತಂಗಿ ಗೌರಿ ಅದೇ ಜ್ವರದಲ್ಲಿ ಹೋದಳು. ಹದಿನೈದು ದಿನಕ್ಕೆ ಅಪ್ಪ ಗಾಡಿ ಕಟ್ಟಿಸಿದರು. ಸಿದ್ದಯ್ಯ ಕೆರೆ ಏರಿಯವರೆಗೂ ಚಕ್ರದ ಪಕ್ಕದಲ್ಲೇ ನಡೆದು ಬಂದ. ಹೋಗಬೇಡಿ ಎನ್ನಲಿಲ್ಲ. ಅವನ ಹೆಂಡತಿಯೂ ಹಿಂದಿನ ಮಳೆಗಾಲದಲ್ಲಿ ಅದೇ ಜ್ವರಕ್ಕೆ ಹೋಗಿದ್ದಳು.

"ಗೌಡ್ರೇ, ಎಲ್ಲಾರ ಇರಿ. ತಲೆ ಮಾತ್ರ ಇನ್ನೊಬ್ಬನ ಕೈಗೆ ಕೊಡ್ಬ್ಯಾಡಿ. ಎಲ್ರ ತಲೆ ನನ್ ಕೈಲಿರೋಗಂಟ ಕಕ್ಕೆಪುರ ಅದೆ."

ಅಪ್ಪ ಹೂಂ ಅಂದರು.

ಆಮೇಲೆ ಹದಿನೈದು ದಿನಕ್ಕೊಮ್ಮೆ ಕಂಕುಳಲ್ಲಿ ಹಡಪ ಇಟ್ಟುಕೊಂಡು ಗುಂಡ್ಲುಪೇಟೆಗೆ ನಡೆದು ಬರುತ್ತಿದ್ದ. ಕತ್ತಿ, ಕತ್ತರಿ, ಮಸೆಗಲ್ಲು, ಒಡೆದ ಕನ್ನಡಿ ಇದ್ದ ಆ ಚರ್ಮದ ಚೀಲ ಅವನಜ್ಜನದು. ಕಕ್ಕೆಪುರದವರು ಪೇಟೆಯ ಯಾವ ಗಲ್ಲಿಯಲ್ಲಿದ್ದರೂ ಹುಡುಕಿ ಹೋಗುತ್ತಿದ್ದ. ಎರಡು ಬೀದಿ ಆಚೆ ಇದ್ದ ನಮ್ಮೂರವರ ಸುದ್ದಿ ನಮಗೆ ತಿಳಿಯುತ್ತಿದ್ದುದು, ಎಂಟು ಮೈಲಿ ನಡೆದು ಬರುವ ಅವನಿಂದ. ಯಾರ ಸೊಸೆ ಬಸುರಿ, ಯಾರ ಎತ್ತಿಗೆ ಕಾಲು ಕುಂಟು, ಎಲ್ಲ ಅವನ ಬಾಯಲ್ಲಿತ್ತು. ಸುಗ್ಗಿಯಲ್ಲಿ ಹಿಂದಿನಂತೆಯೇ ವರ್ಷದ ಕೂಲಿಯೆಂದು ಒಂದು ಮೊರ ರಾಗಿ ಕೇಳುತ್ತಿದ್ದ. ನಾವೀಗ ರಾಗಿ ಕೊಂಡು ತಿನ್ನುವವರು. ಅಮ್ಮ ಅಂಗಡಿಯಿಂದ ತಂದು ಅಳೆದುಕೊಡುತ್ತಿದ್ದಳು.

ಒಂದು ಭಾನುವಾರ ನನ್ನ ಅಣ್ಣ ಶಿವಣ್ಣ ಮಂಡಿಯಿಂದ ಬರುವಾಗ, ಹೊಸದಾಗಿ ತೆರೆದ ಸಲೂನಿನಲ್ಲಿ ಕ್ರಾಪು ಮಾಡಿಸಿಕೊಂಡು ಬಂದ. ಜಗಲಿಯಲ್ಲಿ ಸಿದ್ದಯ್ಯ ಕತ್ತಿ ಮಸೆಯುತ್ತಿದ್ದ. ಒಳಗೆ ಹೋಗುತ್ತಿದ್ದ ಅಣ್ಣನ ತಲೆಯನ್ನು ಹಿಂದಿನಿಂದಲೇ ಕಂಡುಹಿಡಿದ.

"ಯಾರ್ಲಾ ನಿನ್ ತಲೆ ಮೇಲೆ ಕತ್ರಿ ಬುಟ್ಟೋನು? ಕುರಿ ಉಣ್ಣೆ ಕತ್ರಿಸೋನಾ?"

"ಅಲ್ಲಿ ಕುರ್ಚಿ ಮೇಲೆ ಕೂರಿಸ್ತಾರೆ ತಾತ. ಮುಂದ್ಕೂ ಹಿಂದ್ಕೂ ಕನ್ನಡಿ. ನಿನ್ ಮೊಣಕಾಲ್ ಸಂದೀಲಿ ಇನ್ನೆಷ್ಟು ದಿನ ಕೂರಾದು?"

"ನಿಮ್ಮಪ್ಪ ಕೂತ್ಕಳಲಿಲ್ವಾ?"

"ಅಪ್ಪನ್ ಕಾಲ ಅದು. ನೀನೂ ಇಲ್ಲೇ ಒಂದು ಕುರ್ಚಿ ಆಕು, ನಾನೇ ಮೊದ್ಲು ಕೂತ್ಕತೀನಿ."

ಅಣ್ಣ ಹೇಳಿದ್ದು ಕೆಟ್ಟ ಮಾತಲ್ಲ. ಸಿದ್ದಯ್ಯ ಕತ್ತಿ ಮಡಿಸಿದ. "ನಾನಿಲ್ಗೆ ಬಂದ್ಬುಟ್ರೆ ಅಲ್ಲಿ ಉಳ್ದೋರ್ಗೆ ಯಾರ್ಲಾ?" ಎಂದ. ಬಾಗಿಲಾಚೆ ಕಳಿಸಲು ಹೋದ ನನಗೆ, "ಒಂದ್ ತಲೆ ಓಯ್ತು ಕಣ ಮಗಾ" ಎಂದು ಮೆಲ್ಲಗೆ ಹೇಳಿದ.

ಅಣ್ಣನ ಹಿಂದೆ ಅವನ ಓರಗೆಯವರು ಸಲೂನಿಗೆ ಹೋದರು. ಆಮೇಲೆ ಅವರ ಅಪ್ಪಂದಿರು. ಅಪ್ಪ ಮಾತು ಕೊಟ್ಟಿದ್ದರಿಂದ ಕೊನೆಯವರೆಗೂ ಅವನ ಕೈಗೇ ತಲೆ ಕೊಟ್ಟರು, ನಾನೂ ಕೊಟ್ಟೆ. ಒಂದು ದಿನ ಅವನ ಕತ್ತಿ ಜಾರಿ ಅಪ್ಪನ ಕಿವಿಯ ಹಿಂದೆ ಗಾಯವಾಯಿತು. ಅಪ್ಪ ಟವೆಲ್ಲು ಒತ್ತಿಕೊಂಡು ಮತ್ತೆ ತಲೆ ಬಗ್ಗಿಸಿದರು. ಅದನ್ನು ನೋಡಿದ ಸಿದ್ದಯ್ಯ ಮತ್ತೆ ಗುಂಡ್ಲುಪೇಟೆಗೆ ಬರಲಿಲ್ಲ.

ಮನೆ ಮನೆಗೆ ಡಿ.ಡಿ.ಟಿ. ಹೊಡೆಯುವವರು ಕಕ್ಕೆಪುರಕ್ಕೆ ಬಂದಾಗ ಉಳಿದಿದ್ದುದು ನಾಲ್ಕು ಮನೆ. ಎಂದಿನಂತೆ ಹೊಗೆ ಎಣಿಸಲು ಆ ಯುಗಾದಿಗೆ ನಾನು ಹೋದಾಗ ಸಿದ್ದಯ್ಯ ಗೋಡೆಯ ಬಿಳಿ ಕಲೆಗಳನ್ನು ತೋರಿಸಿ, "ಸೊಳ್ಳೆ ಓದೊ ಕಣ. ಕಚ್ಚಿಸ್ಕಳೋರೂ ಓದ್ರು" ಎಂದ. ಅವನ ಮೈಯಲ್ಲಿ ಹಳೆಯ ಜ್ವರ ಉಳಿದೇ ಇತ್ತು. ಮುಂದಿನ ಮಳೆಗಾಲದಲ್ಲಿ ಮಗಳು ಚಿಕ್ಕತಾಯಿ ಗಾಡಿ ತಂದು ಅವನನ್ನು ಹರದನಹಳ್ಳಿಗೆ ಕರೆದುಕೊಂಡು ಹೋದಳು.

೧೯೫೮ರ ಯುಗಾದಿಯ ಬೆಳಿಗ್ಗೆ ಕೆರೆ ಏರಿಯ ಮೇಲೆ ಬಿಸಿಲೇರುವ ತನಕ ನಿಂತೆ. ಎಲ್ಲೂ ಹೊಗೆ ಏಳಲಿಲ್ಲ. ಸೊನ್ನೆ ಬರೆದು, ಮರುದಿನ ಚಾಮರಾಜನಗರದ ಬಸ್ಸು ಹತ್ತಿ, ಹರದನಹಳ್ಳಿಗೆ ಹೋದೆ.

ಸಿದ್ದಯ್ಯ ಮಗಳ ಮನೆಯ ಜಗಲಿಯಲ್ಲಿ ಕಂಬಕ್ಕೊರಗಿ ಕೂತಿದ್ದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಯಾರೋ ಬಂದವ್ರೆ ನೋಡಪ್ಪ" ಎಂದಳು ಚಿಕ್ಕತಾಯಿ. ನಾನು ಹೆಸರು ಹೇಳಲಿಲ್ಲ. ಅವನಿಗೆ ಕಣ್ಣು ಯಾವತ್ತು ಬೇಕಾಗಿತ್ತು? ಹತ್ತಿರ ಕೂತು ತಲೆ ಬಗ್ಗಿಸಿದೆ.

ಕೈ ತಾನಾಗಿಯೇ ಮೇಲೆ ಬಂತು. ಬೆರಳುಗಳು ಮೊದಲ ಸುಳಿ ಸುತ್ತಿದವು, ಎರಡನೆಯದನ್ನೂ ಸುತ್ತಿದವು. ಕಿವಿಯ ಹಿಂದೆ ಇಳಿದು ಮತ್ತೆ ನೆತ್ತಿಗೆ ಬಂದು ನಿಂತವು. ಮೊಟಕುತ್ತಾನೆಂದು ಕಾದೆ.

"ಯಾವೂರಪ್ಪ ನಿಂದು?" ಎಂದ.

"ಕಕ್ಕೆಪುರ ಸಿದ್ದಯ್ಯ."

ಬೆರಳುಗಳು ಇನ್ನೊಮ್ಮೆ ಎರಡೂ ಸುಳಿ ಸುತ್ತಿದವು.

"ಅಲ್ಲಿ ಯಾರೂ ಇಲ್ವಲ್ಲಪ್ಪ" ಎಂದು ಕೈ ತೆಗೆದ.