ಜಪಾನ್ ಶರಣಾದ ಮೇಲಿನ ಪಾಠ

ಮೂವತ್ತನಾಲ್ಕು ವರ್ಷ ನಾನು ಕಾರ್ವರ್ಸ್ ಮಿಲ್ ಹೈಸ್ಕೂಲಿನಲ್ಲಿ ಅಮೆರಿಕದ ಚರಿತ್ರೆ ಪಾಠ ಮಾಡಿದೆ. ಒಂದು ವರ್ಷವೂ ಎರಡನೇ ಮಹಾಯುದ್ಧವನ್ನು ದಾಟಲಿಲ್ಲ. ಜಪಾನ್ ಶರಣಾಗುತ್ತಿತ್ತು, ಜೂನ್ ಬರುತ್ತಿತ್ತು, ರಾಜ್ಯದ ಪರೀಕ್ಷೆ ಮುಗಿಸಿ ಮಕ್ಕಳು ಈಜಲು ಓಡುತ್ತಿದ್ದರು. ನಮ್ಮ ಕಡೆಯ ಚರಿತ್ರೆ ಮೇಷ್ಟ್ರುಗಳ ಹಣೆಬರಹವೇ ಇದು. ಸೆಪ್ಟೆಂಬರಿನಲ್ಲಿ ಹದಿಮೂರು ವಸಾಹತುಗಳನ್ನು ಬಲು ಸಾವಧಾನವಾಗಿ ಶುರು ಮಾಡುತ್ತೇವೆ. ಜನವರಿಯಲ್ಲಿ ನಮ್ಮೂರ ಹತ್ತಿರದ ದೊಡ್ಡ ಸರೋವರದ ಕಡೆಯಿಂದ ಹಿಮ ಸುರಿದು ಹತ್ತು ದಿನ ಶಾಲೆ ಮುಚ್ಚುತ್ತದೆ. ಉಳಿದ ದಿನಗಳನ್ನು ಅಂತರ್ಯುದ್ಧ ನುಂಗಿಹಾಕುತ್ತದೆ. ನನಗಂತೂ ಗೆಟ್ಟಿಸ್‌ಬರ್ಗ್ ಕಾಳಗವೊಂದಕ್ಕೇ ಒಂದು ವಾರ ಬೇಕು. ಉತ್ತರದ ಸೈನಿಕರ ನೀಲಿ ಕೋಟು ತೊಟ್ಟು ಮೇಜು ಹತ್ತಿ ನಿಂತುಬಿಡುತ್ತಿದ್ದೆ. ಮಕ್ಕಳಿಗೆ ಖುಷಿ, ನನಗೆ ಅವರಿಗಿಂತ ಹೆಚ್ಚು ಖುಷಿ.

ನಾನು ಹೇಳಹೊರಟದ್ದು ನನ್ನ ವಿಷಯವಲ್ಲ, ಬರ್ನಿಯ ವಿಷಯ. ಮೇಷ್ಟ್ರ ಬಾಯಿ, ಮೊದಲು ತನ್ನ ಬಗ್ಗೆಯೇ ಓಡುತ್ತದೆ.

ಬರ್ನಡೆಟ್ ವೊಯ್ಚಿಕ್, ಊರಿಗೆಲ್ಲ ಬರ್ನಿ. ಇಪ್ಪತ್ತೇಳು ವರ್ಷದಿಂದ ಶಾಲೆಯ ಹದಿನಾಲ್ಕನೇ ನಂಬರಿನ ಹಳದಿ ಬಸ್ಸು ಓಡಿಸುತ್ತಿದ್ದಳು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಮಗು ತಿಂಡಿ ತಿನ್ನದೆ ಬರುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಸೀಟಿನ ಪಕ್ಕದಲ್ಲಿ ಸದಾ ಬಿಸ್ಕತ್ತಿನ ಡಬ್ಬಿ. "ಮೂರು ಹಾರನ್ ಹೊಡೀತೀನಿ, ನಾಲ್ಕನೇದಕ್ಕೆ ನಾನಿರಲ್ಲ" ಎಂದು ಗದರುವಳು, ಆಮೇಲೆ ಏಳನೇ ಹಾರನ್ನಿನವರೆಗೂ ಕಾಯುವಳು. ಅವಳ ಗದರಿಕೆಗೆ ಹೆದರಿದ ಒಂದು ಮಗುವನ್ನೂ ನಾನು ಕಂಡಿಲ್ಲ.

ಕಳೆದ ವರ್ಷ ಅವಳ ಬಲ ಮೊಣಕಾಲು ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುವುದೇ ಕಷ್ಟವಾಯಿತು. ಅದೇ ಹೊತ್ತಿಗೆ ಬಸ್ ಡಿಪೋದಲ್ಲಿ ಎಲ್ಲ ಬಸ್ಸುಗಳಿಗೆ ದಾರಿ ಗೊತ್ತುಮಾಡುವ ರಾಲ್ಫ್ ಎಂಬಾತ ಜೂನ್ ಕೊನೆಗೆ ನಿವೃತ್ತನಾಗುವ ಸುದ್ದಿ ಬಂತು. ಆ ಕುರ್ಚಿಗೆ ಅವಳಿಗಿಂತ ತಕ್ಕವರು ಜಿಲ್ಲೆಯಲ್ಲೇ ಇರಲಿಲ್ಲ. ಆದರೆ ಹೈಸ್ಕೂಲ್ ಪಾಸಾದ ಪತ್ರ ಇಲ್ಲದವರಿಗೆ ಆ ಕೆಲಸ ಕೊಡುವಂತಿಲ್ಲ. ಬರ್ನಿಯ ಬಳಿ ಅದೊಂದೇ ಇರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಒಂದೇ ಒಂದು ವಿಷಯದಲ್ಲಿ ಅವಳು ಫೇಲಾಗಿದ್ದಳು. ಅರವತ್ತೈದು ಬೇಕಿತ್ತು, ಅರವತ್ತೊಂದು ಬಂದಿತ್ತು. ವಿಷಯ ಅಮೆರಿಕದ ಚರಿತ್ರೆ, ಮೇಷ್ಟ್ರು ನಾನೇ.

ಫೆಬ್ರವರಿಯಲ್ಲಿ ಒಂದು ದಿನ ಬೂಟಿನ ಹಿಮ ಕೊಡವಿಕೊಂಡು ನಮ್ಮ ಬಾಗಿಲಲ್ಲಿ ನಿಂತಳು.

"ಮೇಷ್ಟ್ರೇ, ಜೂನ್‌ನಲ್ಲಿ ಪರೀಕ್ಷೆ ಬರೀಬೇಕು. ಶಾಲೆಯವ್ರು ಒಪ್ಪಿದಾರೆ. ಪಾಠ ಹೇಳ್ಕೊಡ್ತೀರಾ?"

"ಅರವತ್ತೊಂದು ವರ್ಷಕ್ಕೆ ಇದೇನಮ್ಮ ಹೊಸ ಹುಚ್ಚು?" ಎಂದೆ, ಒಳಗೊಳಗೇ ಕುಣಿಯುತ್ತ.

"ಮಾರ್ಕ್ಸೂ ಅರವತ್ತೊಂದೇ ಬಂದಿತ್ತಲ್ಲ, ವಯಸ್ಸಿಗೆ ಸರಿಹೋಯ್ತು" ಎಂದಳು.

ನನ್ನ ಹೆಂಡತಿ ಮಾರ್ಗಿ ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆ ಮೇಜಿಗೆ ಎರಡು ಕಪ್ ಕಾಫಿ ತಂದಿಟ್ಟಳು. ನಿವೃತ್ತನಾಗಿ ಹದಿಮೂರು ವರ್ಷವಾಗಿತ್ತು. ಪಾಠ ಕೇಳುವ ಜೀವ ಸಿಕ್ಕಿದರೆ ಸಾಕಿತ್ತು ನನಗೆ. ಮಂಗಳವಾರ, ಗುರುವಾರ, ಸಂಜೆಯ ಬಸ್ಸು ನಿಲ್ಲಿಸಿ ಅವಳು ಬರುವುದೆಂದು ತೀರ್ಮಾನವಾಯಿತು.

ಬರ್ನಿ ಚೆನ್ನಾಗಿ ಓದಿದಳು. ಅದೇ ಪರೀಕ್ಷೆ ಬರೆಯಲಿದ್ದ, ಬಸ್ಸಿನ ಹಿಂದಿನ ಸೀಟಿನ ಹನ್ನೊಂದನೇ ತರಗತಿಯ ಮಕ್ಕಳು ಅವಳ ಗೆಳೆಯರಾದರು. ಕೆಂಪು ದೀಪಕ್ಕೆ ಬಸ್ಸು ನಿಂತಾಗಲೆಲ್ಲ "ಬರ್ನಿ, ಸಂವಿಧಾನದ ಹತ್ತೊಂಬತ್ತನೇ ತಿದ್ದುಪಡಿ?" ಎಂದು ಕೂಗುವರು. "ಹೆಂಗಸರಿಗೆ ಮತ! ಕೂತ್ಕೊಳ್ರೋ ನೆಟ್ಟಗೆ!" ಎಂದು ಇವಳು ಕೂಗುವಳು. ಆ ಬಸ್ಸಿನಷ್ಟು ಚರಿತ್ರೆ ಕಲಿತ ಬಸ್ಸು ಇನ್ನೊಂದಿರಲಾರದು.

ನಾನೋ, ಹುಟ್ಟುಗುಣ ಬಿಡಲಿಲ್ಲ. ಏಪ್ರಿಲ್ ಪೂರ್ತಿ ಅಂತರ್ಯುದ್ಧದಲ್ಲೇ ಬೀಡುಬಿಟ್ಟೆ. ಸಕ್ಕರೆ ಡಬ್ಬಿ ಬೆಟ್ಟವಾಯಿತು, ಚಮಚಗಳು ಸೈನ್ಯವಾದವು. "ಯುದ್ಧ ಮುಗಿದ್ಮೇಲೆ ನನ್ನ ಚಮಚ ವಾಪಸ್ ಕೊಡಿ" ಎಂದು ಮಾರ್ಗಿ ಗೊಣಗಿದಳು. ಬರ್ನಿ ಒಂದೆರಡು ಸಲ ಕ್ಯಾಲೆಂಡರ್ ಕಡೆ ನೋಡಿದಳು. ನಾನು ಗಮನಿಸಿದರೂ ಗಮನಿಸದವನ ಹಾಗೆ ಇದ್ದೆ.

ಜೂನ್ ಆರನೇ ತಾರೀಖು, ಪರೀಕ್ಷೆಗೆ ಎಂಟು ದಿನ ಇರುವಾಗ, ನನ್ನ ಅಡುಗೆಮನೆಯಲ್ಲಿ ಜಪಾನ್ ಶರಣಾಯಿತು. ನಾನು ಪುಸ್ತಕ ಮುಚ್ಚಿ, ಮಾರ್ಗಿ ಮಾಡಿದ ರೂಬಾರ್ಬ್ ದಂಟಿನ ಸಿಹಿ ಪೈ ಕಡೆ ಕೈ ಚಾಚಿದೆ.

ಬರ್ನಿ ಏಳಲಿಲ್ಲ. "ಆಮೇಲೆ?" ಎಂದಳು.

"ಆಮೇಲೆ ಏನು?"

"ಎಪ್ಪತ್ತೊಂಬತ್ತರಲ್ಲೂ ನೀವು ಇದೇ ಪುಟಕ್ಕೆ ಪುಸ್ತಕ ಮುಚ್ಚಿದ್ರಿ ಮೇಷ್ಟ್ರೇ. ಪರೀಕ್ಷೇಲಿ ದೊಡ್ಡ ಪ್ರಶ್ನೆ ಬಂದಿದ್ದು ಯುದ್ಧ ಆದ್ಮೇಲಿನ ಕಾಲದ್ದು. ನಾನು ಒಂದಕ್ಷರ ಬರೀಲಿಲ್ಲ, ಪುಟ ಹಾಗೇ ಖಾಲಿ ಕೊಟ್ಟೆ. ಉಳಿದವ್ರಿಗೆಲ್ಲ ಗೊತ್ತಿದೆ, ನನ್ನ ತಲೇಲೇ ಮಣ್ಣು ತುಂಬಿದೆ ಅಂದ್ಕೊಂಡೆ. ಆಗಸ್ಟ್‌ನಲ್ಲಿ ಮತ್ತೆ ಬರಿ, ಸ್ವಲ್ಪ ಮನಸ್ಸಿಟ್ಟು ಓದು ಅಂದ್ರಿ ನೀವು. ನಾನು ಆಪಲ್ ಸಾಸ್ ಕಾರ್ಖಾನೆಗೆ ಸೇರ್ಕೊಂಡೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ದಾರಿ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಸಿಟ್ಟು ಬಂದದ್ದು ನನಗೆ. "ಆ ವರ್ಷ ಹಿಮ ಎಷ್ಟು ಬಿದ್ದಿತ್ತು ಗೊತ್ತಾ? ಹದಿನಾಲ್ಕು ದಿನ ಶಾಲೆಯೇ ಇರಲಿಲ್ಲ" ಎಂದು ದೊಡ್ಡ ದನಿ ತೆಗೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾರ್ಗಿ ಪೈ ತಟ್ಟೆಯನ್ನು ನನ್ನ ಕೈಗೆ ಸಿಗದ ಹಾಗೆ ಆಚೆ ಸರಿಸಿ, ನನ್ನನ್ನು ನೋಡಿದ ನೋಟವನ್ನು ನಾನು ಈಗಲೂ ಮರೆತಿಲ್ಲ. ಪ್ರತಿ ವರ್ಷ ನಾಲ್ಕೈದು ಮಕ್ಕಳು ಆ ಪ್ರಶ್ನೆಯನ್ನು ಖಾಲಿ ಬಿಡುತ್ತಿದ್ದರು. ಸೋಮಾರಿಗಳು ಎಂದು ನಾನು ಬೈಯುತ್ತಿದ್ದೆ.

"ನನ್ನ ಮಕ್ಕಳ ಹೋಂವರ್ಕ್ ಒಂದಿನವೂ ಮುಟ್ಲಿಲ್ಲ ನಾನು" ಎಂದಳು ಬರ್ನಿ. "ತಪ್ಪು ಹೇಳ್ಕೊಟ್ಬಿಡ್ತೀನೇನೋ ಅಂತ ಭಯ. ಮಗಳು ಕ್ರಿಸ್ಟಿನ್ ಪುಸ್ತಕ ತಂದ್ರೆ, ಅಮ್ಮಂಗೆ ಅವೆಲ್ಲ ಬರಲ್ಲ ಮರಿ, ಅಪ್ಪನ್ನ ಕೇಳು ಅಂತಿದ್ದೆ. ಹೋಗ್ಲಿ ಬಿಡಿ. ಎಂಟು ದಿನ ಇದೆ. ಆಮೇಲೆ ಏನಾಯ್ತು, ಹೇಳಿ."

ಕ್ಷಮಿಸು ಎನ್ನುವ ಮಾತು ಗಂಟಲವರೆಗೆ ಬಂತು. ಮೂವತ್ತನಾಲ್ಕು ವರ್ಷದ ಮೇಷ್ಟ್ರುಗಿರಿ ಅದನ್ನು ಅಲ್ಲೇ ಅದುಮಿತು. ಪುಸ್ತಕ ತೆರೆದೆ.

ಎಂಟೂ ದಿನ ಸಂಜೆ ಬಂದಳು. ಎಂದೂ ಪಾಠ ಮಾಡದ ಪುಟಗಳು, ನನಗೂ ನಾಲಿಗೆ ತಡವರಿಸಿತು. ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಚೀಟಿ ಎತ್ತಿ ಆರಿಸಿದ ವಿಷಯ ಬಂದಾಗ ಅವಳು ಪೆನ್ಸಿಲ್ ಕೆಳಗಿಟ್ಟಳು.

"ಇದೂ ಚರಿತ್ರೇನಾ? ಟೀವೀಲಿ ನಾನೇ ನೋಡಿದೀನಿ. ಗಾಜಿನ ಜಾಡಿ, ನೀಲಿ ಗುಳಿಗೆ, ಒಂದೊಂದರೊಳಗೂ ಒಂದೊಂದು ಹುಟ್ಟಿದ ತಾರೀಖು. ನಮ್ಮಮ್ಮ ಒಲೆ ಮೇಲೆ ಪಿಯೆರೋಗಿ ಕಡುಬು ಬೇಯಕ್ಕಿಟ್ಟಿದ್ಲು. ಮೊದಲು ಎತ್ತಿದ ತಾರೀಖಿನವ್ರು ಮೊದಲು ಯುದ್ಧಕ್ಕೆ. ಅಣ್ಣ ರೇ ಹುಟ್ಟಿದ ತಾರೀಖು ಬೇಗ ಬಂದ್ಬಿಡ್ತು. ಕಡುಬೆಲ್ಲ ಕರಗಿ ಗಂಜಿ ಆಯ್ತು, ಯಾರೂ ಎದ್ದು ಇಳಿಸ್ಲಿಲ್ಲ."

"ಪರೀಕ್ಷೆಗೆ ನಿಮ್ಮಮ್ಮನ ಕಡುಬು ಬೇಡ ಕಣೇ, ಕಾರಣ ಬೇಕು, ಪರಿಣಾಮ ಬೇಕು" ಎಂದೆ.

"ಅಣ್ಣನಿಗೆ ಆಗ ಹತ್ತೊಂಬತ್ತು. ಯುದ್ಧಕ್ಕೆ ಕಳಿಸ್ಬೋದು, ಓಟು ಹಾಕೋ ಹಾಗಿಲ್ಲ. ಅಪ್ಪ ಅದನ್ನೇ ಹೇಳ್ಕೊಂಡು ಊರೆಲ್ಲ ಕೂಗಾಡ್ತಿದ್ದ. ಇದು ಕಾರಣ ಅಲ್ವಾ?"

ನಾನು ಪುಟ ತಿರುವಿ ನೋಡಿದೆ. ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದರ ಹಿಂದೆ ಇದ್ದದ್ದು ಅದೇ ಕೂಗು. ಅಂದಿನಿಂದ ಪಾಠದ ರೀತಿ ಬದಲಾಯಿತು. ಅವಳು ಕಂಡದ್ದು ಹೇಳುವಳು, ನಾನು ಇಸವಿ, ಹೆಸರು ಹೊಂದಿಸುವೆನು. ಪೆಟ್ರೋಲಿಗೆ ಸಾಲು ನಿಂತದ್ದು, ಉಕ್ಕಿನ ಕಾರ್ಖಾನೆ ಮುಚ್ಚಿ ಚಿಕ್ಕಪ್ಪ ಮನೆ ಮಾರಿದ್ದು, ಎಲ್ಲಕ್ಕೂ ಪುಸ್ತಕದಲ್ಲಿ ಒಂದೊಂದು ಜಾಗ ಸಿಕ್ಕಿತು. ಅಷ್ಟು ಸಂತೋಷದಿಂದ ನಾನು ಯಾವ ಪಾಠವನ್ನೂ ಮಾಡಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಅವಳೇ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು, ಬಸ್ಸು ನಿಲ್ಲಿಸಿ, ಅವರ ಜೊತೆಗೇ ಸಾಲಿನಲ್ಲಿ ನಿಂತಳಂತೆ. ಮೆಟ್ಟಿಲಲ್ಲಿ ಕಾಲು ನಿಧಾನವಾದಾಗ ಒಬ್ಬಳು ಹುಡುಗಿ, "ಮೂರು ಹಾರನ್ ಹೊಡೀತೀವಿ ಬರ್ನಿ!" ಎಂದಳಂತೆ. ನಾನು ಮನೆಯಲ್ಲಿ ಅಂಗಳದ ಹುಲ್ಲು ಕತ್ತರಿಸಿದೆ. ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸಿದೆ.

ಫಲಿತಾಂಶ ಬರುವ ದಿನ ಮಧ್ಯಾಹ್ನ ಹದಿನಾಲ್ಕನೇ ನಂಬರಿನ ಬಸ್ಸು ನಮ್ಮ ಮನೆ ಮುಂದೆಯೇ ಬಂದು ನಿಂತಿತು. ಅದು ಆ ಬಸ್ಸಿನ ದಾರಿಯೇ ಅಲ್ಲ. ಬರ್ನಿ ಕಂಬಿ ಹಿಡಿದು ಇಳಿದಳು, ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಫೋನು.

"ಎಂಬತ್ತೆರಡು!" ಎಂದು ಬೀದಿಯಿಂದಲೇ ಕೂಗಿದಳು. "ರಾಲ್ಫ್ ಕುರ್ಚಿ ನನಗೇ ಅಂತೆ ಮೇಷ್ಟ್ರೇ!"

ಮಾರ್ಗಿ ಓಡಿಹೋಗಿ ಅಪ್ಪಿಕೊಂಡಳು. ನನ್ನ ಕಣ್ಣು ಒದ್ದೆಯಾಯಿತು, ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ. ಬರ್ನಿ ಫೋನನ್ನು ನನ್ನತ್ತ ಚಾಚಿದಳು. "ಕ್ರಿಸ್ಟಿನ್. ರಾಚೆಸ್ಟರಿಂದ. ನಿಮ್ಮ ಹತ್ರ ಮಾತಾಡ್ಬೇಕಂತೆ. ಸ್ಪೀಕರ್‌ಗೆ ಹಾಕಿದೀನಿ."

"ಮಿಸ್ಟರ್ ಟ್ಯಾಗರ್ಟ್, ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ" ಎಂದಿತು ಫೋನಿನೊಳಗಿನ ದನಿ. "ಅಮ್ಮಂಗೆ ಓದು ಹತ್ತಲ್ಲ ಅಂತ ಚಿಕ್ಕಂದಿನಿಂದ ಕೇಳಿದೀವಿ. ನಿಮ್ಮಂಥ ಮೇಷ್ಟ್ರು ಸಿಕ್ಕಿದ್ದಕ್ಕೆ ಪಾಸಾದ್ಲು."

ಬರ್ನಿ ನಗುತ್ತಲೇ ಇದ್ದಳು. ಆ ಹೊಗಳಿಕೆಯನ್ನು ಜೇಬಿಗೆ ಹಾಕಿಕೊಂಡು ನಾನು ಸುಮ್ಮನಿರಬಹುದಿತ್ತು. ಯಾರೂ ಏನೂ ಪ್ರಶ್ನಿಸುತ್ತಿರಲಿಲ್ಲ.

"ನೋಡಮ್ಮ ಕ್ರಿಸ್ಟಿನ್" ಎಂದೆ, "ನಿನ್ನ ತಾಯಿಗೆ ಓದು ಚೆನ್ನಾಗೇ ಹತ್ತುತ್ತೆ. ಅವತ್ತು ಪರೀಕ್ಷೇಲಿ ಬಂದ ಪಾಠ ನಾನು ಹೇಳ್ಕೊಟ್ಟೇ ಇರ್ಲಿಲ್ಲ. ನೀಲಿ ಕೋಟು ಹಾಕ್ಕೊಂಡು ಮೇಜು ಹತ್ತಿ ಕಾಳಗ ಆಡ್ತಿದ್ದೆ. ತಪ್ಪು ನಂದು, ಬೈದಿದ್ದು ಅವಳನ್ನ. ನಲವತ್ತನಾಲ್ಕು ವರ್ಷ ಅದನ್ನ ಹೇಳ್ಲೇ ಇಲ್ಲ. ಕ್ಷಮಿಸು ಬರ್ನಿ."

ಬರ್ನಿಯ ನಗು ನಿಂತಿತ್ತು. ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದಳು.

"ಕೇಳಿಸ್ತಾ?" ಎಂದಳು ಮಗಳಿಗೆ. ಆಮೇಲೆ ಇನ್ನೊಂದು ಸಲ, "ಕ್ರಿಸ್ಟಿನ್, ಕೇಳಿಸ್ತಲ್ಲ ನಿಂಗೆ?"